ನಿತ್ಯವೂ ಹಬ್ಬವಾದರೆ

ಬೆಳಗಿನ ಏಳೂವರೆ ಗಂಟೆ. ಬೆಂಗಳೂರಿನ ಯಾವ ಬಡಾವಣೆಯ ಉಪಾಹಾರ ಗೃಹವನ್ನು ಹೊಕ್ಕರೂ ಈ ಹೊತ್ತಿನಲ್ಲಿ ಕಾಣುವ ನೋಟ ಒಂದೇ. ಕಾವಲಿಯ ಮೇಲೆ ಚುಂಯ್‌ಗುಟ್ಟುವ ದೋಸೆ, ಮುಚ್ಚಳ ತೆರೆದೊಡನೆ ಮೋಡದಂತೆ ಮೇಲೇಳುವ ಇಡ್ಲಿಯ ಹಬೆ, ಆಗತಾನೆ ಇಳಿಸಿದ ಡಿಕಾಕ್ಷನ್ನಿನ ಪರಿಮಳ, ಲೋಟ ಬಟ್ಟಲುಗಳ ಸದ್ದು. ಮೇಜಿನ ಮುಂದೆ ಕುಳಿತ ಗಿರಾಕಿಯ ಬಳಿಗೆ ಮಾಣಿ ಬಂದು ನಿಲ್ಲುತ್ತಾನೆ. “ಬಿಸಿ ಏನಿದೆಯಪ್ಪಾ?” ಎಂಬ ಪ್ರಶ್ನೆ ಪೂರ್ತಿಯಾಗುವ ಮೊದಲೇ ಉತ್ತರ ಸಹಸ್ರನಾಮದ ಧಾಟಿಯಲ್ಲಿ ಉರುಳಿ ಬರುತ್ತದೆ: “ಇಡ್ಲಿ, ವಡೆ, ಖಾಲಿ, ಮಸಾಲೆ, ಸೆಟ್ಟು, ರವೆ ಇಡ್ಲಿ, ಪೂರಿ ಸಾಗು, ಖಾರಾಬಾತು, ಕೇಸರಿಬಾತು, ಚೌಚೌಬಾತು ಸಾರ್!” ಹಸಿದು ಬಂದವನಿಗೆ ಇದರಲ್ಲಿ ಅರ್ಧ ಕೇಳಿಸಿರುತ್ತದೆ, ಅರ್ಧ ಕೇಳಿಸಿರುವುದಿಲ್ಲ. ಪಕ್ಕದ ಮೇಜಿನವರ ತಟ್ಟೆಯಲ್ಲಿ ಕಂಡದ್ದೇ ಬಾಯಿಗೆ ಬರುತ್ತದೆ. “ಒಂದು ಮಸಾಲೆ” ಎನ್ನುತ್ತಾನೆ. ದೇಹದ ಹಿತಾಹಿತಕ್ಕೆ ಸಂಬಂಧಿಸಿದ ಆ ದಿನದ ಮೊದಲನೆಯ ತೀರ್ಮಾನ ಹೀಗೆ ಎರಡು ಮೂರು ಕ್ಷಣಗಳಲ್ಲಿ ಮುಗಿದುಹೋಗುತ್ತದೆ.

ಆಗೊಮ್ಮೆ ಈಗೊಮ್ಮೆ ಬಾಯಿರುಚಿಗಾಗಿ ಹೋಟೆಲಿಗೆ ಹೋಗುವ ಸಂಸಾರವಂದಿಗರಿಗೆ ಇದರಿಂದ ದೊಡ್ಡ ಹಾನಿಯೇನಿಲ್ಲ. ಆದರೆ ಈ ಮಹಾನಗರದಲ್ಲಿ ಹೋಟೆಲೇ ಅಡುಗೆಮನೆಯಾಗಿರುವ ಜನ ಎಷ್ಟಿಲ್ಲ! ಇಂಥ ಒಬ್ಬ ಗುಮಾಸ್ತರನ್ನು ಓದುಗರು ಕಲ್ಪಿಸಿಕೊಳ್ಳಲಿ. ವಯಸ್ಸು ಐವತ್ತರ ಆಚೀಚೆ. ಮಡದಿ ಮಕ್ಕಳು ಊರಿನಲ್ಲಿ. ವರ್ಗವಾಗಿ ಬಂದ ಇವರ ವಾಸ ಒಂದು ಬಾಡಿಗೆಯ ಕೋಣೆಯಲ್ಲಿ. ಒಲೆ ಹೂಡುವುದಕ್ಕೆ ಮನೆಯೊಡೆಯರ ಅನುಮತಿಯಿಲ್ಲ; ಅನುಮತಿಯಿದ್ದರೂ ಇವರಿಗೆ ಅಡುಗೆ ಬಾರದು. ಕಚೇರಿಯಲ್ಲಿ ನಡೆದ ಆರೋಗ್ಯ ತಪಾಸಣೆಯಲ್ಲಿ ರಕ್ತದಲ್ಲಿನ ಸಕ್ಕರೆ ಗಡಿಯನ್ನು ಮುಟ್ಟಿದೆಯೆಂದೂ ರಕ್ತದ ಒತ್ತಡ ಏರಿದೆಯೆಂದೂ ತಿಳಿಯಿತು. ವೈದ್ಯರು ಚೀಟಿ ಬರೆದುಕೊಟ್ಟು ಒಂದು ಮಾತು ಸೇರಿಸಿದರು: “ಹೋಟೆಲು ಬಿಟ್ಟುಬಿಡಿ.” ಬಿಟ್ಟು ಎಲ್ಲಿಗೆ ಹೋಗಬೇಕು?

ಇದು ಒಬ್ಬಿಬ್ಬರ ಪ್ರಶ್ನೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನದ ಪ್ರಕಾರ, ದೇಶದಲ್ಲಿ ಮಧುಮೇಹವುಳ್ಳವರ ಸಂಖ್ಯೆ ಸುಮಾರು 10 ಕೋಟಿ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗೂ ಹೆಚ್ಚು. ವಯಸ್ಕರಲ್ಲಿ ಮೂವರಿಗೊಬ್ಬರಂತೆ ರಕ್ತದ ಒತ್ತಡದಿಂದ ಬಳಲುವವರಿದ್ದಾರೆ. ಇವರೆಲ್ಲರಿಗೂ “ಹೋಟೆಲು ಬಿಡಿ” ಎನ್ನುವುದು ಸುಲಭ. ಹೋಟೆಲಿನಲ್ಲಿದ್ದುಕೊಂಡೇ ಬದುಕುವ ಬಗೆಯನ್ನು ಹೇಳುವುದು ಹೆಚ್ಚು ಉಪಯುಕ್ತ.

ಮನೆಯಿಂದ ದೂರವಾದವರ ಅನ್ನ

ಕನ್ನಡ ನಾಡಿನ ಹೋಟೆಲು ಹುಟ್ಟಿದ್ದೇ ಇಂಥ ಗುಮಾಸ್ತರಿಗಾಗಿ ಎಂದರೆ ತಪ್ಪಾಗದು. ಕಳೆದ ಶತಮಾನದ ಮೊದಲ ಭಾಗದಲ್ಲಿ ದಕ್ಷಿಣ ಕನ್ನಡದ, ಅದರಲ್ಲೂ ಉಡುಪಿಯ ಆಸುಪಾಸಿನ ಜನ ಹೊಟ್ಟೆಪಾಡಿಗಾಗಿ ಘಟ್ಟ ಹತ್ತಿದರು, ಕಡಲಂಚಿನ ನಗರಗಳಿಗೆ ನಡೆದರು. ಕೈಯಲ್ಲಿ ಬಂಡವಾಳವಿರಲಿಲ್ಲ, ಅಡುಗೆಯ ವಿದ್ಯೆಯಿತ್ತು. 1924ರಲ್ಲಿ ಬೆಂಗಳೂರಿನಲ್ಲಿ ಮಯ್ಯ ಸಹೋದರರ ಮಾವಳ್ಳಿ ಟಿಫಿನ್ ರೂಮ್ಸ್ ಬಾಗಿಲು ತೆರೆಯಿತು. 1938ರಲ್ಲಿ ಕೆ. ಕೃಷ್ಣರಾಯರು ಮದರಾಸಿನಲ್ಲಿ ವುಡ್‌ಲ್ಯಾಂಡ್ಸನ್ನು ಆರಂಭಿಸಿದರು. 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಪ್ರಾರಂಭವಾಯಿತು. ಮರುವರ್ಷ ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ತೆರೆದ ಉಪಾಹಾರ ಗೃಹದ ಹೆಸರೇ ವಿದ್ಯಾರ್ಥಿ ಭವನ. ಊರು ಬಿಟ್ಟು ಬಂದ ವಿದ್ಯಾರ್ಥಿ, ಗುಮಾಸ್ತ, ಕೂಲಿಕಾರ, ವ್ಯಾಪಾರಿ, ಇವರಿಗೆಲ್ಲ ಮನೆಯ ಅನ್ನವನ್ನು ಹೋಲುವ ಅನ್ನವನ್ನು, ಶುಚಿಯಾಗಿ, ಕೈಗೆಟುಕುವ ಬೆಲೆಗೆ ನೀಡುವುದು ಆ ಸಂಸ್ಥೆಗಳ ಧರ್ಮವಾಗಿತ್ತು. 1980ರ ದಶಕದಲ್ಲಿ ಜಯನಗರದಲ್ಲಿ ಮೊದಲುಗೊಂಡು ನಗರದಾದ್ಯಂತ ಹಬ್ಬಿದ ‘ದರ್ಶಿನಿ’ಗಳು ಅದೇ ಧರ್ಮವನ್ನು ಇನ್ನಷ್ಟು ಅಗ್ಗವಾಗಿಸಿ, ಇನ್ನಷ್ಟು ಚುರುಕಾಗಿಸಿ, ನಿಂತು ತಿನ್ನುವವರಿಗೆ ಒದಗಿಸಿದವು.

ಆದರೆ ಈ ನಡುವೆ ಒಂದು ಸೂಕ್ಷ್ಮವಾದ ಬದಲಾವಣೆ ನಡೆದುಹೋಯಿತು. ಮನೆಯ ಅಡುಗೆಯಲ್ಲಿ ಎರಡು ಬಗೆ. ಒಂದು ನಿತ್ಯದ್ದು: ಸಾರು, ಸೊಪ್ಪಿನ ಹುಳಿ, ಪಲ್ಯ, ರೊಟ್ಟಿ, ಮುದ್ದೆ, ಗಂಜಿ, ಮಜ್ಜಿಗೆ. ಇನ್ನೊಂದು ಹಬ್ಬದ್ದು: ವಡೆ, ಬೋಂಡ, ಪೂರಿ, ಕೇಸರಿಬಾತು, ತುಪ್ಪ ಸುರಿದ ಬಿಸಿಬೇಳೆ ಹುಳಿಯನ್ನ. ಎಣ್ಣೆಯ ಬಾಣಲೆ ಒಲೆಯೇರಿತೆಂದರೆ ಮನೆಗೆ ನೆಂಟರು ಬಂದಿದ್ದಾರೆ, ಇಲ್ಲವೆ ಹುಣ್ಣಿಮೆಯೋ ಹಬ್ಬವೋ ಇದೆ ಎಂದು ಮಕ್ಕಳು ತಿಳಿಯುತ್ತಿದ್ದ ಕಾಲವೊಂದಿತ್ತು. ಹೋಟೆಲಿನ ಬಾಣಲೆ ನಿತ್ಯವೂ ಒಲೆಯ ಮೇಲೆಯೇ ಇರುತ್ತದೆ. ಗಿರಾಕಿ ಬಯಸುವುದು ಹಬ್ಬದ ರುಚಿಯನ್ನು. ಮಾಲಿಕರು ಒದಗಿಸುವುದೂ ಅದನ್ನೇ. ವರ್ಷದಲ್ಲಿ ಇಪ್ಪತ್ತು ಮೂವತ್ತು ದಿನಗಳಿಗೆ ಮೀಸಲಾಗಿದ್ದ ಭಕ್ಷ್ಯ ಹೀಗೆ ಮುನ್ನೂರ ಅರವತ್ತೈದು ದಿನಗಳ ಆಹಾರವಾಯಿತು. ಹೋಟೆಲಿನ ಊಟದಿಂದ ಆರೋಗ್ಯ ಕೆಡುವ ಗುಟ್ಟು ಬಹುಮಟ್ಟಿಗೆ ಇಲ್ಲಿದೆ. ಮಸಾಲೆ ದೋಸೆ ವಿಷವಲ್ಲ, ವಡೆ ಪಾಪವಲ್ಲ. ನಿತ್ಯಕ್ಕೂ ನೈಮಿತ್ತಿಕಕ್ಕೂ ಇದ್ದ ಗೆರೆ ಅಳಿಸಿಹೋದದ್ದೇ ಕೇಡು. ಆ ಗೆರೆಯನ್ನು ತಿನ್ನುವವನು ತಾನೇ ಮತ್ತೆ ಎಳೆದುಕೊಳ್ಳಬೇಕು.

ಮೂರು ಚಮಚಗಳ ಲೆಕ್ಕ

ಗೆರೆ ಎಳೆಯುವುದಕ್ಕೆ ಶಾಸ್ತ್ರಪಾಂಡಿತ್ಯ ಬೇಕಿಲ್ಲ. ಮೂರು ಚಮಚಗಳ ಲೆಕ್ಕ ಸಾಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಸೂತ್ರಗಳನ್ನು ಹೊರತಂದಿತು. ಅದರಂತೆ ದಿನವೊಂದಕ್ಕೆ ಉಪ್ಪು 5 ಗ್ರಾಂ ಮೀರಬಾರದು. ಅಂದರೆ ಮಟ್ಟಸವಾದ ಒಂದು ಚಹಾ ಚಮಚ. ಸಕ್ಕರೆ 20ರಿಂದ 25 ಗ್ರಾಮಿನೊಳಗಿರಬೇಕು. ಅಂದರೆ ಐದಾರು ಚಮಚ. ಎಣ್ಣೆ ತುಪ್ಪಗಳು ಮಿತವಾಗಿರಬೇಕು. 2,000 ಕ್ಯಾಲರಿಗಳ ಮಾದರಿ ಆಹಾರದಲ್ಲಿ ಅವುಗಳ ಪಾಲು 30 ಗ್ರಾಮಿಗಿಂತ ಕಡಿಮೆ, ಅಂದರೆ ಆರು ಚಮಚದ ಒಳಗೆ.

ಈಗ ಗುಮಾಸ್ತರ ದಿನಚರಿಯನ್ನು ತೂಗಿ ನೋಡಬಹುದು. ಬೆಳಗ್ಗೆ, ಹತ್ತೂವರೆಗೆ, ಊಟದ ಮೇಲೆ, ಸಂಜೆ, ಹೀಗೆ ನಾಲ್ಕು ಲೋಟ ಕಾಫಿ. ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೂ 32ರಿಂದ 40 ಗ್ರಾಂ. ಕೇಸರಿಬಾತಿನ ಮಾತು ಎತ್ತುವ ಮೊದಲೇ ಸಕ್ಕರೆಯ ಮಿತಿ ದಾಟಿಹೋಯಿತು! ಇನ್ನು ಎಣ್ಣೆ. ಒಂದು ಚಮಚ ಎಣ್ಣೆಯಲ್ಲಿ ಸುಮಾರು 45 ಕ್ಯಾಲರಿಗಳಿವೆ. ಅದೇ ತೂಕದ ಅಕ್ಕಿಯಲ್ಲೋ ಬೇಳೆಯಲ್ಲೋ ಇದರ ಅರ್ಧವೂ ಇಲ್ಲ. ದೋಸೆ ಗರಿಗರಿಯಾಗಲೆಂದು ಅಂಚಿಗೆ ಸುರಿದದ್ದು, ಮೇಲೆ ಜಾರಿಬಿಟ್ಟ ಬೆಣ್ಣೆ, ಒಳಗಿನ ಪಲ್ಯದ ಒಗ್ಗರಣೆ, ಇವೆಲ್ಲ ಕೂಡಿದರೆ ದಿನದ ಪಾಲಿನಲ್ಲಿ ಅರ್ಧ ಬೆಳಗಿನಲ್ಲೇ ತೀರುತ್ತದೆ. ಸಂಜೆಯ ಬಜ್ಜಿಗೆ, ರಾತ್ರಿಯ ಪೂರಿಗೆ ಲೆಕ್ಕದಲ್ಲಿ ಎಡೆಯೆಲ್ಲಿ? ಉಪ್ಪಂತೂ ಕಣ್ಣಿಗೆ ಕಾಣದ ಕಳ್ಳ. ಸಾಂಬಾರಿನಲ್ಲಿದೆ, ಚಟ್ನಿಯಲ್ಲಿದೆ, ದೋಸೆಯ ಹಿಟ್ಟಿನಲ್ಲಿಯೂ ಇದೆ. ಉಪ್ಪಿನಕಾಯಿ ಹಪ್ಪಳಗಳಲ್ಲಿ ಅದರದೇ ರಾಜ್ಯಭಾರ. ರಕ್ತದ ಒತ್ತಡವುಳ್ಳವರು ಸಾಂಬಾರನ್ನು ಎರಡನೆಯ ಬಾರಿ ಹಾಕಿಸಿಕೊಳ್ಳುವಾಗ ಈ ಕಳ್ಳನನ್ನು ನೆನೆಯುವುದು ಒಳ್ಳೆಯದು.

ಪಟ್ಟಿಯನ್ನು ಓದುವ ಬಗೆ

ಹೋಟೆಲಿನ ಗೋಡೆಯ ಮೇಲೆ ತೂಗುವ ತಿಂಡಿಗಳ ಪಟ್ಟಿಯನ್ನು ಗಿರಾಕಿಗಳು ಸಾಮಾನ್ಯವಾಗಿ ಬೆಲೆಯ ಕಡೆಯಿಂದ ಓದುತ್ತಾರೆ. ಅದನ್ನು ಪಾತ್ರೆಯ ಕಡೆಯಿಂದ ಓದುವ ಅಭ್ಯಾಸ ಮಾಡಿಕೊಂಡರೆ ಅರ್ಧ ಕೆಲಸವಾಯಿತು. ಹಬೆಯ ಪಾತ್ರೆಯಲ್ಲಿ ಬೆಂದದ್ದು ಯಾವುದು, ಕಾವಲಿಯ ಮೇಲೆ ಬೆಂದದ್ದು ಯಾವುದು, ಬಾಣಲೆಯಲ್ಲಿ ಕರಿದದ್ದು ಯಾವುದು ಎಂದು ಮೂರು ಪಂಕ್ತಿಗಳಾಗಿ ವಿಂಗಡಿಸಬೇಕು. ಇಡ್ಲಿ, ಕೊಟ್ಟೆ ಕಡುಬು, ಪತ್ರೊಡೆ ಮೊದಲನೆಯ ಪಂಕ್ತಿ. ಇವು ನಿತ್ಯಕ್ಕೆ ಸಲ್ಲುವವು. ಖಾಲಿ ದೋಸೆ, ಸೆಟ್ ದೋಸೆ, ನೀರು ದೋಸೆ, ಅಕ್ಕಿ ರೊಟ್ಟಿ, ರಾಗಿ ದೋಸೆಗಳು ಎರಡನೆಯವು. ಎಣ್ಣೆ ಮಿತವಾಗಿದ್ದರೆ ಇವೂ ನಿತ್ಯದವೇ. ವಡೆ, ಪೂರಿ, ಬೋಂಡ, ಗೋಳಿಬಜೆ, ಮಂಗಳೂರು ಬನ್ಸು ಮೂರನೆಯವು, ಇವು ಹಬ್ಬದವು. ಖಾರಾಬಾತು ಕೇಸರಿಬಾತುಗಳು ಬಾಣಲೆಯಲ್ಲಿ ಕರಿದವಲ್ಲವಾದರೂ ಅವು ಕುಡಿಯುವ ತುಪ್ಪ ಎಣ್ಣೆಗಳನ್ನೂ, ಕೇಸರಿಬಾತಿನ ಸಕ್ಕರೆಯನ್ನೂ ನೆನೆದರೆ ಅವುಗಳ ಸ್ಥಾನವೂ ಮೂರನೆಯ ಪಂಕ್ತಿಯೇ.

ಇಡ್ಲಿಯೊಂದೇ ಎಲ್ಲಕ್ಕೂ ಮದ್ದೆಂದು ತಿಳಿಯುವುದೂ ತಪ್ಪು. ಅಕ್ಕಿ ಉದ್ದುಗಳನ್ನು ರುಬ್ಬಿ ಹುದುಗಿಸಿದ ಹಿಟ್ಟು ಜೀರ್ಣಕ್ಕೆ ಸುಲಭ; ಹುದುಗುವಾಗ ಕೆಲವು ಜೀವಸತ್ವಗಳೂ ವೃದ್ಧಿಯಾಗುತ್ತವೆ. ಆದರೆ ಅದರ ಬಹುಭಾಗ ಅಕ್ಕಿಯ ಪಿಷ್ಟ. ಮಧುಮೇಹದ ಹೊಸ್ತಿಲಲ್ಲಿರುವವರು ನಾಲ್ಕು ಇಡ್ಲಿ ತಿಂದು ತಾವು ಪಥ್ಯದಲ್ಲಿದ್ದೇವೆಂದು ಸಮಾಧಾನಪಟ್ಟರೆ ರಕ್ತ ಆ ಮಾತನ್ನು ಒಪ್ಪುವುದಿಲ್ಲ. ಎರಡು ಇಡ್ಲಿ, ಜೊತೆಗೆ ತರಕಾರಿ ಬೇಳೆಗಳು ದಂಡಿಯಾಗಿರುವ ಒಂದು ಬಟ್ಟಲು ಸಾಂಬಾರು, ದೊರೆಯುವಲ್ಲಿ ಒಂದಿಷ್ಟು ಹೆಸರುಬೇಳೆ ಕೋಸಂಬರಿ. ಹಾಗೆ ತಿಂದಾಗ ಇಡ್ಲಿ ನಿಜವಾಗಿ ಹಿತವಾಗುತ್ತದೆ. ಹೆಸರು ಕೇಳಿ ಮರುಳಾಗುವುದೂ ಬೇಡ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಅನೇಕ ಹೋಟೆಲುಗಳ ಪಟ್ಟಿಯಲ್ಲಿ ನವಣೆ, ಸಾಮೆ, ಸಜ್ಜೆಗಳು ಸ್ಥಾನ ಪಡೆದಿವೆ. ಸಂತೋಷದ ಸಂಗತಿ. ಆದರೆ ತುಪ್ಪದಲ್ಲಿ ಮಿಂದ ನವಣೆಯ ದೋಸೆಗಿಂತ ಎಣ್ಣೆ ಮುಟ್ಟದ ಅಕ್ಕಿಯ ಇಡ್ಲಿಯೇ ಲೇಸು.

ಎಲೆಯ ಮೇಲಿನ ಕ್ರಮ

ಮಧ್ಯಾಹ್ನದ ಊಟದ ವಿಷಯದಲ್ಲಿ ಹಿರಿಯರ ಬಾಳೆಲೆಯೇ ಒಳ್ಳೆಯ ಗುರು. ಎಲೆಗೆ ಮೊದಲು ಬರುವುದು ಕೋಸಂಬರಿ ಮತ್ತು ಪಲ್ಯ; ಅನ್ನ ಬರುವುದು ಆಮೇಲೆ. ಆದರೆ ಈಗಿನ ಗಿರಾಕಿ ಕೋಸಂಬರಿಯನ್ನು ಬೆರಳ ತುದಿಯಲ್ಲಿ ಮುಟ್ಟಿ, ಅನ್ನದ ಬೆಟ್ಟಕ್ಕಾಗಿ ಕಾದು ಕೂಡುತ್ತಾನೆ. 2015ರಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನ ಸಂಶೋಧಕರು ಮಧುಮೇಹಿಗಳ ಒಂದು ಸಣ್ಣ ಗುಂಪಿಗೆ ಒಂದೇ ಊಟವನ್ನು ಎರಡು ಕ್ರಮಗಳಲ್ಲಿ ಬಡಿಸಿ ಪರೀಕ್ಷಿಸಿದರು. ಪಿಷ್ಟವನ್ನು ಮೊದಲು ತಿಂದ ದಿನಕ್ಕಿಂತ, ತರಕಾರಿ ಮತ್ತು ಸಸಾರಜನಕವುಳ್ಳ ಪದಾರ್ಥಗಳನ್ನು ಮೊದಲು ತಿಂದ ದಿನ, ಒಂದು ಗಂಟೆಯ ಬಳಿಕ ರಕ್ತದಲ್ಲಿನ ಸಕ್ಕರೆ ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗಿ ಇಳಿದಿತ್ತು. ತಿಂದ ಪದಾರ್ಥ ಅದೇ, ಪ್ರಮಾಣ ಅದೇ. ಬದಲಾದದ್ದು ಕ್ರಮ ಮಾತ್ರ. ಕೋಸಂಬರಿ ಪಲ್ಯಗಳನ್ನು ಮುಗಿಸಿ ಅನ್ನಕ್ಕೆ ಕೈ ಹಾಕುವ ಪದ್ಧತಿಗೆ ಇದಕ್ಕಿಂತ ಬೇರೆ ಪುರಸ್ಕಾರ ಬೇಕೆ?

“ಅನ್ನ ಬೇಕಾದಷ್ಟು” ಎಂಬ ಫಲಕವೂ ಒಂದು ಬಲೆಯೇ. ಕೊಟ್ಟ ಹಣಕ್ಕೆ ನ್ಯಾಯ ಸಲ್ಲಬೇಕೆಂದು ಹೊಟ್ಟೆಗೆ ಅನ್ಯಾಯ ಮಾಡಿಕೊಳ್ಳುವವರು ಬಹಳ. ಅನ್ನದ ಬದಲು ಪಲ್ಯವನ್ನೋ, ಕೂಟನ್ನೋ ಎರಡನೆಯ ಬಾರಿ ಕೇಳಿದರೆ ಹಣಕ್ಕೂ ನ್ಯಾಯ, ಹೊಟ್ಟೆಗೂ ನ್ಯಾಯ. ತಟ್ಟೆಯ ಅರ್ಧವನ್ನು ತರಕಾರಿ, ಸೊಪ್ಪು, ಹಣ್ಣುಗಳು ತುಂಬಬೇಕೆಂಬುದು ಪೋಷಣ ಸಂಸ್ಥೆಯ ಸೂತ್ರ. ಊಟದ ಕೊನೆಗೆ ಬರುವ ಸಿಹಿಯನ್ನು ವಾರಕ್ಕೊಮ್ಮೆ ಇಟ್ಟುಕೊಂಡು, ಉಳಿದ ದಿನ ಮಜ್ಜಿಗೆಯಿಂದಲೇ ಮಂಗಳ ಹಾಡಬಹುದು. ಮಜ್ಜಿಗೆಗೆ ಉಪ್ಪು ಬೇಡವೆಂದು ಹೇಳಲು ಮರೆಯಬಾರದು.

ನಿತ್ಯದ ಊಟಕ್ಕೆ ಆದರ್ಶವನ್ನು ಉಡುಪಿ ಹೋಟೆಲಿನ ಹೊರಗೂ ಕಾಣಬಹುದು. ಉತ್ತರ ಕರ್ನಾಟಕದ ಖಾನಾವಳಿಯನ್ನು ಹೊಕ್ಕರೆ ತಟ್ಟೆಗೆ ಬರುವುದು ಎಣ್ಣೆಯಿಲ್ಲದೆ ಬೆಂದ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯದ ಸೊಪ್ಪು, ಸೌತೆಕಾಯಿ, ಈರುಳ್ಳಿ, ಗಟ್ಟಿ ಮೊಸರು. ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಯನ್ನು ಬದಿಗೆ ಸರಿಸಿದರೆ ಇದಕ್ಕಿಂತ ಸಮತೂಕದ ಊಟ ಹುಡುಕುವುದು ಕಷ್ಟ. ಹಳೆಯ ಮೈಸೂರಿನ ಕಡೆಯ ರಾಗಿಮುದ್ದೆ, ಬಸ್ಸಾರುಗಳೂ ಹೀಗೆಯೇ. ಮಾಂಸಾಹಾರಿಗಳಿಗೆ ಮಿಲಿಟರಿ ಹೋಟೆಲಿನಲ್ಲಿಯೂ ಇದೇ ವಿವೇಕ ಸಲ್ಲುತ್ತದೆ: ಕೆಂಪಗೆ ಕರಿದ ಕಬಾಬಿಗಿಂತ ಸಾರಿನಲ್ಲಿ ಬೆಂದ ಕೋಳಿ ಮೀನುಗಳು ಮೇಲು. ಆ ಕೆಂಪಿನ ಬಗ್ಗೆ ಸರ್ಕಾರಕ್ಕೇ ಶಂಕೆ ಹುಟ್ಟಿ, 2024ರ ಮಾರ್ಚಿಯಲ್ಲಿ ಗೋಬಿ ಮಂಚೂರಿಗೂ ಜೂನಿನಲ್ಲಿ ಕಬಾಬಿಗೂ ಕೃತಕ ಬಣ್ಣ ಬಳಸುವುದನ್ನು ಕರ್ನಾಟಕದಲ್ಲಿ ನಿಷೇಧಿಸಲಾಯಿತು.

ಕೇಳುವುದಕ್ಕೆ ಸಂಕೋಚವೇಕೆ?

ಇಷ್ಟೆಲ್ಲ ತಿಳಿದಿದ್ದೂ ಹಲವರು ಸೋಲುವುದು ಒಂದು ಸಣ್ಣ ಕಾರಣಕ್ಕೆ: ಕೇಳುವ ಸಂಕೋಚ. “ದೋಸೆಗೆ ಎಣ್ಣೆ ಕಡಿಮೆ ಹಾಕಿಸಪ್ಪಾ” ಎಂದರೆ ಮಾಣಿ ಏನೆಂದುಕೊಂಡಾನು? “ಸಕ್ಕರೆ ಬೇಡ” ಎಂದರೆ ಪಕ್ಕದವರು ಕಾಯಿಲೆಯವರೆಂದು ತಿಳಿದಾರು! ಈ ಸಂಕೋಚಕ್ಕೆ ತೆರುವ ದಂಡ ಬಲು ದೊಡ್ಡದು. ನಿಜಕ್ಕೂ ಮಾಣಿಗೆ ಇದು ಹೊಸದಲ್ಲ. ಅವನು ದಿನವಿಡೀ “ಸ್ಟ್ರಾಂಗು”, “ಲೈಟು”, “ಸಕ್ಕರೆ ಇಲ್ಲ”, “ಸಾಂಬಾರು ಬೇರೆ” ಎಂದು ಕೂಗುವವನೇ. ಬೆಂಗಳೂರಿಗರು ಕಂಡುಕೊಂಡ ‘ಬೈ ಟು’ ಎಂಬ ಪದ್ಧತಿಯಂತೂ ಆರೋಗ್ಯಶಾಸ್ತ್ರದ ಒಂದು ಸೂತ್ರವೇ ಸರಿ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವುದು ಕಾಸು ಉಳಿಸಲು ಹುಟ್ಟಿದ ರೂಢಿಯಿರಬಹುದು. ಆದರೆ ಸ್ನೇಹವನ್ನು ಇಮ್ಮಡಿಸಿ ಸಕ್ಕರೆಯನ್ನು ಅರ್ಧಕ್ಕಿಳಿಸುವ ಇಂಥ ಉಪಾಯ ಬೇರೊಂದಿಲ್ಲ. ಮಸಾಲೆ ದೋಸೆಯನ್ನೂ ವಡೆಯನ್ನೂ ಬೈ ಟು ಮಾಡಿದರೆ ತಡೆಯುವವರು ಯಾರು?

ಗಿರಾಕಿ ಕೇಳಿದ್ದನ್ನು ಹೋಟೆಲು ಮಾಡಿಯೇ ಮಾಡುತ್ತದೆ ಎಂಬುದಕ್ಕೆ ಇತಿಹಾಸವೇ ಸಾಕ್ಷಿ. ಎರಡನೆಯ ಮಹಾಯುದ್ಧದ ಕಾಲದ ಅಕ್ಕಿಯ ಅಭಾವದಲ್ಲಿ ಮಾವಳ್ಳಿಯ ಅಡುಗೆಮನೆಯಲ್ಲಿ ರವೆ ಇಡ್ಲಿ ಹುಟ್ಟಿತೆಂದು ಪ್ರಸಿದ್ಧಿ. 1951ರಲ್ಲಿ ಯುರೋಪಿಗೆ ಹೋಗಿಬಂದ ಯಜ್ಞನಾರಾಯಣ ಮಯ್ಯರು ಅಲ್ಲಿನ ಹೋಟೆಲುಗಳ ಶುಚಿತ್ವವನ್ನು ಕಂಡು, ತಮ್ಮಲ್ಲಿ ಲೋಟ ತಟ್ಟೆಗಳನ್ನು ಹಬೆಯಿಂದ ಶುದ್ಧಿಗೊಳಿಸುವ ಏರ್ಪಾಡು ಮಾಡಿದರು. ಅಡುಗೆಮನೆಯನ್ನು ಗಿರಾಕಿಗಳ ಕಣ್ಣಿಗೆ ತೆರೆದಿಟ್ಟರು. ಅಭಾವಕ್ಕೆ ಮಣಿದು ಇಡ್ಲಿಯನ್ನೇ ಬದಲಿಸಿದವರು ಬೇಡಿಕೆಗೆ ಮಣಿದು ಎಣ್ಣೆಯನ್ನು ಇಳಿಸಲಾರರೆ?

ಕೇಳುವುದರ ಜೊತೆಗೆ ನೋಡುವುದೂ ಸೇರಬೇಕು. ಬಾಣಲೆಯ ಎಣ್ಣೆ ಕಪ್ಪಾಗಿ, ನೊರೆಯೆದ್ದು, ಕಮಟುವಾಸನೆ ಬೀರುತ್ತಿದ್ದರೆ ಅದು ಮತ್ತೆ ಮತ್ತೆ ಕಾದ ಎಣ್ಣೆ. ಇಂಥ ಎಣ್ಣೆಯಲ್ಲಿ ಹೆಚ್ಚುವ ಕೆಡುಕಿನ ಅಂಶ ಶೇಕಡಾ 25ನ್ನು ಮೀರಿದರೆ ಬಳಸಕೂಡದೆಂದು 2018ರ ಜುಲೈಯಿಂದ ಕೇಂದ್ರದ ನಿಯಮವಿದೆ. ಆದರೆ ನಿಯಮದ ಕಣ್ಣು ಎಲ್ಲ ಬಾಣಲೆಗಳ ಮೇಲೂ ಇರಲಾರದು. ಹಬೆಯಲ್ಲಿ ಬೆಂದದ್ದೂ ನಿಷ್ಕಳಂಕವೆಂದು ಕಣ್ಣುಮುಚ್ಚುವಂತಿಲ್ಲ. ಇಡ್ಲಿಯ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ಕಿನ ಹಾಳೆ ಹಾಸುವ ದುರಭ್ಯಾಸ ಬೆಳಕಿಗೆ ಬಂದು, 2025ರ ಆರಂಭದಲ್ಲಿ ರಾಜ್ಯದ ಆರೋಗ್ಯ ಇಲಾಖೆ ಅದರ ವಿರುದ್ಧ ಕ್ರಮಕ್ಕೆ ಮುಂದಾಯಿತು. ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಹೋಗುವವರೂ ಇದನ್ನು ಗಮನಿಸಬೇಕು. ಒಂದು ಡಬ್ಬಿ ಒಯ್ಯುವುದು ಭಾರವೇನಲ್ಲ.

ಕೊನೆಯದಾಗಿ ಹೊತ್ತಿನ ಮಾತು. ನಿಂತು ತಿನ್ನುವ ದರ್ಶಿನಿಯಲ್ಲಿ ಐದು ನಿಮಿಷದಲ್ಲಿ ತಟ್ಟೆ ಬರಿದಾಗುತ್ತದೆ. ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಮುಟ್ಟುವುದಕ್ಕೆ ಇಪ್ಪತ್ತು ನಿಮಿಷಗಳಷ್ಟು ಕಾಲ ಹಿಡಿಯುತ್ತದೆ. ಸುದ್ದಿ ಬರುವ ಮುನ್ನವೇ ಎರಡನೆಯ ತಿಂಡಿಗೆ ಚೀಟಿ ಹರಿಸುವುದು ಅವಸರದ ಫಲ. ನಿಧಾನವಾಗಿ ಅಗಿದು ತಿಂದು, ತಿಂದ ಮೇಲೆ ಹತ್ತು ನಿಮಿಷ ನಡೆದರೆ ರಕ್ತದ ಸಕ್ಕರೆಯ ಏರಿಕೆಯೂ ತಗ್ಗುತ್ತದೆ. ಈಗಾಗಲೇ ಔಷಧಿ ಸೇವಿಸುತ್ತಿರುವವರು ಮಾತ್ರ ಆಹಾರದ ಪ್ರಮಾಣವನ್ನು ವೈದ್ಯರ ಸಲಹೆಯಂತೆಯೇ ಬದಲಿಸತಕ್ಕದ್ದು.

ಮರಳಿ ಅದೇ ಮೇಜು

ಗುಮಾಸ್ತರು ಮರುದಿನ ಬೆಳಗ್ಗೆ ಅದೇ ಹೋಟೆಲಿಗೆ ಬರುತ್ತಾರೆ, ಬರದೆ ವಿಧಿಯಿಲ್ಲ. ಆದರೆ ಇಂದು ಏನು ತಿನ್ನಬೇಕೆಂಬುದನ್ನು ಕೋಣೆಯಿಂದ ಹೊರಡುವಾಗಲೇ ಗೊತ್ತುಮಾಡಿಕೊಂಡಿದ್ದಾರೆ. ಮಾಣಿ ಸಹಸ್ರನಾಮ ಆರಂಭಿಸುತ್ತಾನೆ. ಅವನು ವಡೆಯನ್ನು ತಲುಪುವ ಮೊದಲೇ ಅವರು ತಡೆಯುತ್ತಾರೆ:

“ಎರಡು ಇಡ್ಲಿ, ಸಾಂಬಾರಿನಲ್ಲಿ ತರಕಾರಿ ಹೆಚ್ಚಾಗಿರಲಿ. ಆಮೇಲೆ ಸಕ್ಕರೆಯಿಲ್ಲದ ಕಾಫಿ.”

“ಮಸಾಲೆ ಬೇಡವೇ ಸಾರ್?” ಮಾಣಿಗೆ ಆಶ್ಚರ್ಯ.

“ಭಾನುವಾರ ತಿನ್ನೋಣವಪ್ಪಾ. ಅಂದು ಮಗ ಊರಿನಿಂದ ಬರುತ್ತಾನೆ. ಒಂದು ಮಸಾಲೆ, ಬೈ ಟು!”

ಮಾಣಿ ನಗುತ್ತಾ ಒಳಗೆ ಹೋಗುತ್ತಾನೆ. ಭಾನುವಾರದ ಆ ಅರ್ಧ ದೋಸೆಗೆ ವಾರದ ಏಳು ದೋಸೆಗಳಿಗಿಲ್ಲದ ರುಚಿ ಇರುತ್ತದೆ ಎಂಬುದು ಅದನ್ನು ತಿಂದವರಿಗೆ ಮಾತ್ರ ಗೊತ್ತು. ಹಬ್ಬಕ್ಕೆ ರುಚಿ ಬರುವುದು ಅದಕ್ಕಾಗಿ ಕಾದಾಗ. ದೇಹಕ್ಕೆ ಸುಖ ಬರುವುದೂ ಆಗಲೇ.